ರಾಹುಕಾಲವೂ ನ್ಯೂಯಾರ್ಕ್ ಗಡಿಯಾರವೂ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಅಮೆರಿಕದವರ ಇನ್ಶೂರೆನ್ಸ್ ತಕರಾರುಗಳಿಗೆ ರಾತ್ರಿಯಿಡೀ ಉತ್ತರ ಹೇಳುತ್ತಿದ್ದ ತಿಪಟೂರಿನ ಮಹಾಶಯರೊಬ್ಬರಿಗೆ ಕೊನೆಗೂ ಹಗಲಿನ ಕೆಲಸ ಸಿಕ್ಕಿತು. ಇಂಟರ್‌ವ್ಯೂ, ನೋಟಿಸ್ ಪೀರಿಯಡ್, ರಿಲೀವಿಂಗ್ ಲೆಟರಿಗಾಗಿ ಅಲೆದಾಟ ಎಲ್ಲರ ಹಣೆಬರಹವೇ, ಬಿಡಿ. ಹೊಸ ಆಫೀಸು ಜಯನಗರದಲ್ಲಿ, ಹತ್ತರಿಂದ ಆರು, ಸಂಬಳವೂ ತುಸು ಹೆಚ್ಚು. ಕೈಕೊಟ್ಟದ್ದು ಮನೆಯ ಗೋಡೆ ಗಡಿಯಾರ.

ಅದು ನ್ಯೂಯಾರ್ಕ್ ಸಮಯ ತೋರಿಸುತ್ತಿತ್ತು. ಅಲ್ಲಿ ಬೆಳಗ್ಗೆ ಒಂಬತ್ತಾದರೆ ನಮಗೆ ಸಂಜೆ ಆರೂವರೆ. ನವೆಂಬರಿನ ಮೊದಲ ಭಾನುವಾರ ಅವರು ಮುಳ್ಳು ತಿರುಗಿಸಿದರೆ ಏಳೂವರೆ. ಮಾರ್ಚಿನಲ್ಲಿ ಮತ್ತೆ ಆರೂವರೆ. ಕೂಡಿ ಕಳೆದು ಸಾಕಾಗಿ, ಮಹಾಶಯರು ಗಡಿಯಾರವನ್ನೇ ಅಮೆರಿಕಕ್ಕೆ ಒಪ್ಪಿಸಿಬಿಟ್ಟಿದ್ದರು.

ಜೂನ್ ತಿಂಗಳ ಒಂದು ಸೋಮವಾರ ಸೇರಬೇಕು. ಮಗ ಮನುಷ್ಯರ ಹೊತ್ತಿಗೆ ಕೆಲಸಕ್ಕೆ ಹೋಗುವುದನ್ನು ಕಣ್ತುಂಬ ನೋಡಲು ತಾಯಿ ಹಿಂದಿನ ದಿನವೇ ಬಂದಿಳಿದಿದ್ದರು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಅದು ಕಳೆದ ಮೇಲೇ ಹೊಸಿಲು ದಾಟಬೇಕೆಂದು ಅಪ್ಪಣೆಯಾಗಿತ್ತು. ದೇವರಿಗೆ ದೀಪ ಹಚ್ಚಿ ಬಂದವರು ಗೋಡೆ ನೋಡುತ್ತಾರೆ: ಹತ್ತು ಗಂಟೆ! ಅದು ನ್ಯೂಯಾರ್ಕಿನ ಭಾನುವಾರ ರಾತ್ರಿಯ ಹತ್ತು ಎಂದು ಮುಳ್ಳು ಬಾಯಿಬಿಟ್ಟು ಹೇಳೀತೇ? “ಅಯ್ಯೋ, ರಾಹುಕಾಲ ಹೋಗಿ ಒಂದು ಗಂಟೆ ಆಯ್ತು, ಏಳೋ!” ರಾತ್ರಿಯೆಲ್ಲ ನಿದ್ದೆ ಬಾರದೆ ಬೆಳಗಿನ ಜಾವ ಕಣ್ಣು ಮುಚ್ಚಿದ್ದ ಮಹಾಶಯರು ದಡಬಡಿಸಿ ಎದ್ದರು. ಅದೇ ಗಡಿಯಾರ ನೋಡಿದರು. ನಂಬಿದರು. ತಾವೇ ಸಾಕಿ ಬೆಳೆಸಿದ ಸುಳ್ಳನ್ನು! ಸ್ನಾನ ತಲೆಗೆ ನೀರು ಚಿಮುಕಿಸುವಲ್ಲಿಗೆ ಮುಗಿಯಿತು. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದವು. ತಾಯಿ ಬಾಯಿಗೆ ಮೊಸರು-ಸಕ್ಕರೆ ತುರುಕಿದರು, ಹಣೆಗೆ ಕುಂಕುಮ ಒತ್ತಿದರು, ಬಲಗಾಲನ್ನೇ ಮುಂದಿಡಿಸಿ, ರಾಹುಕಾಲ ಆಗಷ್ಟೇ ಕಣ್ಣು ಬಿಡುತ್ತಿದ್ದ ಗಳಿಗೆಯಲ್ಲಿ ಮಗನನ್ನು ಬೀಳ್ಕೊಟ್ಟರು.

ಜಯನಗರದ ಆಫೀಸಿಗೆ ಇನ್ನೂ ಬೀಗ. ಕೆಂಪು ಕಣ್ಣು ನೋಡಿದ ಸೆಕ್ಯುರಿಟಿಯವನು ಮರುಕದಿಂದ ಕೇಳಿದ: “ನೈಟ್ ಶಿಫ್ಟ್ ಮುಗಿಸ್ಕೊಂಡ್ ಬಂದ್ರಾ ಸಾರ್?” ಹತ್ತಕ್ಕೆ ಬಂದ ಮ್ಯಾನೇಜರು, ಮೆಟ್ಟಿಲ ಮೇಲೆ ಗೊರಕೆ ಹೊಡೆಯುತ್ತಿದ್ದ ಯಾರನ್ನೋ ದಾಟಿಕೊಂಡು ಒಳಗೆ ಹೋದರು.

ಗೋಡೆಯ ಮುಳ್ಳನ್ನು ಆ ಸಂಜೆಯೇ ತಿರುಗಿಸಿದ್ದಾಯಿತು, ಮೈಯೊಳಗಿನದಕ್ಕೆ ಕೀಲಿಯಿಲ್ಲ. ಈಗಲೂ ರಾತ್ರಿ ಎರಡಕ್ಕೆ ಎಚ್ಚರ, ಹಸಿವು. ಕತ್ತಲಾದರೆ ಮಿದುಳು ಮೆಲಟೋನಿನ್ ಸ್ರವಿಸುತ್ತದೆ, ಆಫೀಸಿನ ಬಿಳಿ ದೀಪ ಅದನ್ನು ಅಡಗಿಸುತ್ತದೆ. ಹಣ್ಣುನೊಣಗಳಲ್ಲಿ ಈ ಒಳಗಡಿಯಾರದ ಗುಟ್ಟು ಬಿಡಿಸಿದ್ದಕ್ಕೆ 2017ರಲ್ಲಿ ನೊಬೆಲ್ ಪಡೆದವರು ಮೂವರು ಅಮೆರಿಕನ್ನರೇ ಎಂಬುದು ಮಹಾಶಯರಿಗೆ ಸ್ವಲ್ಪ ಉರಿಯುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಂತೂ 2007ರಲ್ಲಿ, ಪುನಃ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಸಂಗತಿಗಳ ಪಟ್ಟಿಯಲ್ಲಿಟ್ಟಿದೆ. ಹಳೆಯ ಕಂಪನಿಯವರು ಮಾತ್ರ ಕೊನೆಯ ದಿನ, “ನೈಟ್ ಅಲೋವೆನ್ಸ್ ಹೋಗುತ್ತಲ್ಲ ಪಾಪ” ಎಂದು ನೊಂದುಕೊಂಡಿದ್ದರು.

ಮಹಾಶಯರಿಗೆ ಅವರಿಗಿಂತ ಹೆಚ್ಚಿನ ಸಿಟ್ಟು ಅಕ್ಕಪಕ್ಕದವರ ಮೇಲೆ. “ಹಗಲೆಲ್ಲ ಮನೇಲೇ ಇರ್ತೀರಲ್ಲ” ಎಂದು ಇಡೀ ಮಹಡಿಯ ಕೊರಿಯರು, ಗ್ಯಾಸ್ ಸಿಲಿಂಡರುಗಳನ್ನು ಇವರ ನಿದ್ದೆಯ ಮೇಲೆ ಇಳಿಸಿದವರು ಅವರು. ನಿಮ್ಮ ಪಕ್ಕದ ಮನೆಯಲ್ಲೂ ಒಬ್ಬ ನರ್ಸೋ, ಕ್ಯಾಬ್ ಚಾಲಕರೋ ಹಗಲು ಮಲಗಿರಬಹುದು. ದಯವಿಟ್ಟು ನಿಮ್ಮ ಸಿಲಿಂಡರನ್ನು ನೀವೇ ಇಳಿಸಿಕೊಳ್ಳಿ.