ರಿಸರ್ವ್ ಸ್ಟಾಕ್

ಮಿಲಿಟ್ರಿಯಿಂದ ಬಂದವರ ಅಂಗಡಿಯನ್ನು ಗುರುತಿಸಲು ಬೋರ್ಡ್ ಓದಬೇಕಾಗಿಲ್ಲ. ಮುಂದುಗಡೆ ಸಾಲಾಗಿ ನೆಟ್ಟ ಕಲ್ಲುಗಳಿರುತ್ತವೆ. ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಕೆಮ್ಮಣ್ಣು. ಪಕ್ಕದ ಹೊಂಗೆ ಮರದ ಬುಡಕ್ಕೂ ಸೊಂಟದೆತ್ತರದವರೆಗೆ ಅದೇ ಬಣ್ಣ. ಮರಳೂರು ದಿಣ್ಣೆಯ ನಮ್ಮ ಹವಾಲ್ದಾರರ ಪ್ರಾವಿಜನ್ ಸ್ಟೋರ್ ಎದುರು ಒಮ್ಮೆ ಬೀದಿನಾಯಿಯೊಂದು ಬಹಳ ಹೊತ್ತು ಅಲ್ಲಾಡದೆ ಮಲಗಿತ್ತು. ಅದಕ್ಕೂ ಒಂದು ಕೋಟ್ ಬಳಿದುಬಿಡುತ್ತಾರೇನೋ ಎಂದು ನನಗೆ ದಿಗಿಲಾಯಿತು.

ಅವರನ್ನು ಹೆಸರು ಹಿಡಿದು ಕರೆಯುವವರು ನಮ್ಮ ಬೀದಿಯಲ್ಲಿಲ್ಲ. ಗುಬ್ಬಿ ಕಡೆಯ ಹಳ್ಳಿಯವರು. ಪಿಯುಸಿ ಓದುತ್ತಿದ್ದಾಗಲೇ ಭರ್ತಿ ರ‍್ಯಾಲಿಯಲ್ಲಿ ಓಡಿ ಸೇರಿದರು, ನಲವತ್ತು ತುಂಬುವ ಮೊದಲೇ ಪೆನ್ಷನ್ ಕಾಗದ ಹಿಡಿದು ಬಂದರು. ಸಿಪಾಯಿಗೆ ಪೆನ್ಷನ್ ಬರಲು 15 ವರ್ಷದ ಸೇವೆ ಸಾಕು. ಸೈನ್ಯಕ್ಕೆ ಬೇಕಾದದ್ದು ಎಳೆಯ ಕಾಲುಗಳು. ನಾವು ಮೇಷ್ಟ್ರುಗಳಾದರೆ ಅರವತ್ತಾದರೂ ಕುರ್ಚಿ ಬಿಡುವುದಿಲ್ಲ. ನಮ್ಮ ಕೆಲಸಕ್ಕೆ ಕಾಲು ಬೇಕಿಲ್ಲವಲ್ಲ. ಬಿಡುಗಡೆಗೆ ಮುಂಚೆ ಜವಾನರಿಗೆ ಮುಂದಿನ ಬದುಕಿಗೆಂದು ಪುನರ್ವಸತಿ ನಿರ್ದೇಶನಾಲಯದ ಕೋರ್ಸುಗಳಿರುತ್ತವೆ. ಇವರು ಕಲಿತ ಕೋರ್ಸಿನಲ್ಲಿ ಗಿರಾಕಿಯನ್ನು ನೋಡಿ ನಗುವ ಪಾಠ ಇದ್ದ ಹಾಗಿಲ್ಲ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಹದಿಮೂರು ಗಂಟೆಗೆ ಬಂದ್. ನಿಮ್ಮ ಬೇಳೆ ಇನ್ನೂ ತಕ್ಕಡಿಯಲ್ಲೇ ಇದ್ದರೂ ಶಟರ್ ಅರ್ಧ ಇಳಿದಿರುತ್ತದೆ. ಸಾಲವಿಲ್ಲ. ಇಬ್ಬರೇ ಬಂದರೂ ಲೈನು. ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಬಿಡಿ ಸಿಗರೇಟು ಕೇಳಿ, ಕಟಿಂಗ್ ಮಾಡಿಸಿಕೊಂಡು ಬಾ ಎಂದು ಬೈಸಿಕೊಂಡು ಹೋದ. ತಿಂಗಳ ಮೊದಲ ವಾರ ಮಾತ್ರ ಬೀದಿಯ ಗಂಡಸರಿಗೆಲ್ಲ ಅವರ ಮೇಲೆ ಇದ್ದಕ್ಕಿದ್ದಂತೆ ದೇಶಭಕ್ತಿ ಉಕ್ಕುತ್ತದೆ. ಕ್ಯಾಂಟೀನ್ ಕೋಟಾದ ಬಾಟಲಿ ಹೇಗಾದರೂ ಸಿಕ್ಕೀತೇ ಎಂಬ ಆಸೆ. ಈವರೆಗೆ ಒಂದು ಹನಿಯೂ ಹೊರಗೆ ಬಂದಿಲ್ಲ.

ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಅವರ ರಿಸರ್ವ್.

ಒಂದು ಭಾನುವಾರ ಹೇಳದೆ ಕೇಳದೆ ನನ್ನ ಭಾವಮೈದ ಸಂಸಾರ ಸಮೇತ ಬಂದಿಳಿದ. ಪಾಯಸಕ್ಕೆ ಬೆಲ್ಲ ತನ್ನಿ ಎಂದು ಮನೆಯಾಕೆ ಅಟ್ಟಿದಳು. ಹಿಂದೆ ಮುಂದೆ ಯಾರೂ ಇಲ್ಲದ ಲೈನಿನಲ್ಲಿ ನಿಂತೆ.

"ಅರ್ಧ ಕೆಜಿ ಬೆಲ್ಲ ಕೊಡಿ ಸಾರ್."

"ಸ್ಟಾಕಿಲ್ಲ ಮೇಷ್ಟ್ರೇ."

"ಅಲ್ಲೇ ಕಾಣ್ತಿದೆಯಲ್ಲ, ಎರಡು ಅಚ್ಚು?"

"ಅದು ರಿಸರ್ವು."

"ಯಾತಕ್ಕೆ?"

"ಎಮರ್ಜೆನ್ಸಿಗೆ."

"ಭಾವಮೈದ ಬಂದು ಕೂತವನೆ. ಇದಕ್ಕಿಂತ ಎಮರ್ಜೆನ್ಸಿ ಯಾವುದಿದೆ ಸಾರ್?"

ಅವರು ನಗಲಿಲ್ಲ, ಯೋಚಿಸಿದರು. "ಎಷ್ಟು ಜನ?"

"ನಾಲ್ಕು."

"ಎಷ್ಟು ದಿನ ಇರ್ತಾರೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ರಿಲೀಸ್ ಮಾಡಕ್ಕಾಗಲ್ಲ."

ಆಮೇಲೆ ಪಾಠ ಶುರುವಾಯಿತು. ಜೋಜಿ ಲಾ ಕಣಿವೆಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಲಡಾಖಿನ ಪೋಸ್ಟುಗಳಲ್ಲಿ ಬೇಸಿಗೆಯಲ್ಲಿ ಕೂಡಿಟ್ಟದ್ದೇ ಚಳಿಗಾಲದ ಊಟ; ಕೊನೆಯ ಡಬ್ಬಿಗೆ ಕೈ ಹಾಕಿದವನು ಮನುಷ್ಯನೇ ಅಲ್ಲ. ಕುಣಿಗಲ್ ರೋಡಿನಲ್ಲಿ ಹಿಮ ಬಿದ್ದದ್ದನ್ನು ನಮ್ಮ ತಾತನೂ ಕಂಡಿಲ್ಲ ಸಾರ್ ಎಂದೆ. "ಬೀಳಲ್ಲ ಅಂತ ಬರ್ದು ಕೊಡ್ತೀರಾ?" ಎಂದರು. ಸಕ್ಕರೆ ತೆಗೆದುಕೊಂಡು ವಾಪಸಾದೆ. ಸಕ್ಕರೆ ಪಾಯಸವೇ ಚೆನ್ನಾಗಿದೆ ಎಂದು ಭಾವಮೈದ ಇನ್ನೆರಡು ದಿನ ಉಳಿದ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಸರ್ಕಾರ ಇಡೀ ದೇಶವನ್ನು ಸುಣ್ಣದ ಸುತ್ತಿನೊಳಗೆ ಲೈನಾಗಿ ನಿಲ್ಲಿಸಿದಾಗ ಹವಾಲ್ದಾರರ ಮುಖದಲ್ಲಿ ಮೊದಲ ಬಾರಿಗೆ ನಗೆ ಕಂಡಿತು. ಬೇರೆ ಅಂಗಡಿಗಳಲ್ಲಿ ಬೇಳೆಯ ರೇಟು ಏರಿದಾಗ ಇವರು ಅಟ್ಟದಿಂದ ರಿಸರ್ವ್ ಇಳಿಸಿದರು. ಮನೆಗಿಷ್ಟು ಎಂದು ಲೆಕ್ಕ. ಎಂಆರ್‌ಪಿ ಮೇಲೆ ಒಂದು ಪೈಸೆ ಇಲ್ಲ. ಊರಿಗೆ ಹೋಗಲಾಗದೆ ರೂಮುಗಳಲ್ಲಿ ಸಿಕ್ಕಿಕೊಂಡ ಕಾಲೇಜು ಹುಡುಗರು ಬಂದು ನಿಂತಾಗ 'ಸಾಲ ಕೇಳಬೇಡಿ' ಬೋರ್ಡನ್ನು ಕಳಚಿ ಒಳಗಿಟ್ಟರು. ಕಟಿಂಗ್ ಶಾಪ್‌ಗಳೂ ಮುಚ್ಚಿದ್ದರಿಂದ ಅವರ ಕೂದಲಿನ ಮಾತನ್ನೂ ಎತ್ತಲಿಲ್ಲ. ನನ್ನ ಚೀಲಕ್ಕೆ ಕೇಳದೆಯೇ ಒಂದು ಅಚ್ಚು ಬೆಲ್ಲ ಬಿತ್ತು. "ರಿಲೀಸ್ ಆರ್ಡರ್ ಆಗಿದೆ ಮೇಷ್ಟ್ರೇ."

ಪೆನ್ಷನ್ ಬರುತ್ತದಲ್ಲ, ಈ ತಾಪತ್ರಯ ಯಾಕೆ ಎಂದು ಒಮ್ಮೆ ಕೇಳಿದ್ದೆ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತಂತೆ. ಗೇಟಿನಲ್ಲಿ ನಿಂತು ಕಾರುಗಳಿಗೆ ಸೆಲ್ಯೂಟ್ ಹೊಡೆಯಬೇಕು. "ನನ್ನ ಸೆಲ್ಯೂಟ್ ಕೋಟಾ ಮುಗಿದೈತೆ" ಎಂದರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಕಥೆ ಹೇಳಿ ಹುರಿದುಂಬಿಸಲು ನೋಡಿದೆ: 1971ರ ಯುದ್ಧ ಕಂಡವರು, ಸೈನ್ಯ ಬಿಟ್ಟು ರೇಷ್ಮೆ ಸಾಕಿದರು, ಹಾಸನದಲ್ಲಿ ಹೋಟೆಲ್ ಇಟ್ಟರು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದರು. ಪೂರ್ತಿ ಕೇಳಿ, "ಅವ್ರು ಆಫೀಸರ್ರು ಮೇಷ್ಟ್ರೇ. ಆಫೀಸರ್ಗೆ ವಿಮಾನ, ಹವಾಲ್ದಾರ್ಗೆ ಸೀಗೆಪುಡಿ" ಎಂದು ಪೊಟ್ಟಣ ಕಟ್ಟತೊಡಗಿದರು.

ನಮ್ಮ ಕುಣಿಗಲ್ಲಿನ ಫಾರಂನಲ್ಲಿ ಟಿಪ್ಪು ಕಾಲದಿಂದ ಸೈನ್ಯಕ್ಕೆಂದು ಕುದುರೆ ಸಾಕುತ್ತಿದ್ದರು. ದಂಡಿನಿಂದ ಮರಳಿದ ಕುದುರೆಗೆ ಹುಲ್ಲು, ನೀರು, ನೆರಳು ಕೊಟ್ಟರೆ ಸಾಕು. ನಲವತ್ತರ ಗಂಡಸಿಗೆ ಸಾಲದು. ಹಳ್ಳಿಯ ಗೆಳೆಯರೆಲ್ಲ ಅಡಿಕೆ ತೋಟದಲ್ಲಿ ಬೇರೂರಿದ್ದಾರೆ. ರಜೆಯಲ್ಲಷ್ಟೇ ಅಪ್ಪನನ್ನು ಕಂಡ ಮಕ್ಕಳು ಟಿವಿ ಹಾಕಲೂ ಅಮ್ಮನನ್ನೇ ಕೇಳುತ್ತವೆ. ಮನೆಯಲ್ಲಿ ಯಾರೂ ಲೈನಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಾದರೂ ನಾವಿದ್ದೇವೆ.

ಇನ್ನು ಇಂಥ ಅಂಗಡಿಗಳು ಹೆಚ್ಚಲಿವೆ. 2022ರ ಅಗ್ನಿಪಥದಲ್ಲಿ ಸೇರಿದ ಹುಡುಗರ ನಾಲ್ಕು ವರ್ಷದ ಅವಧಿ ಮುಗಿದಾಗ ಸೈನ್ಯ ಉಳಿಸಿಕೊಳ್ಳುವುದು ನೂರಕ್ಕೆ ಹೆಚ್ಚೆಂದರೆ 25 ಮಂದಿಯನ್ನು. ಮಿಕ್ಕವರು ಇಪ್ಪತ್ತು ಚಿಲ್ಲರೆ ವಯಸ್ಸಿಗೇ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಮನೆಗೆ ಬರುತ್ತಾರೆ, ಪೆನ್ಷನ್ ಇಲ್ಲ. ಹವಾಲ್ದಾರರಿಗೆ ಅಂಗಡಿ ಹೊತ್ತು ಕಳೆಯುವ ದಾರಿ, ಈ ಹುಡುಗರಿಗೆ ಅದೇ ಅನ್ನ. ನಿಮ್ಮ ಬೀದಿಯಲ್ಲಿ ಸುಣ್ಣ ಕೆಮ್ಮಣ್ಣಿನ ಕಲ್ಲು ಕಂಡರೆ ಸಾಮಾನು ಅಲ್ಲೇ ಕೊಳ್ಳಿ. ಚಿಲ್ಲರೆ ಜೊತೆಗಿರಲಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ.