ಕಾರ್ಡು ಬಾಕಿ

ಚೀನೀ ಮಾತಿನ ನಾಲ್ಕು ಟೋನುಗಳಿಗೆ ಪ್ಲೆಕೋ ನಿಘಂಟಿನಲ್ಲಿ ಬೇಕಾದ ಬಣ್ಣ ಕೊಟ್ಟುಕೊಳ್ಳಬಹುದು. ಏರುವ ಟೋನಿಗೆ ಗಿಳಿಹಸಿರೋ ಎಲೆಹಸಿರೋ ಎಂಬ ಜಿಜ್ಞಾಸೆಯಲ್ಲಿ ನನ್ನದೊಂದು ಭಾನುವಾರ ಪೂರ್ತಿ ಹೋಯಿತು. “ನಾನು ಸೀರೆ ಆರಿಸೋಕೆ ಇಷ್ಟು ಹೊತ್ತು ತಗೊಂಡಿದ್ರೆ ಅಂಗಡೀಲೇ ಬಿಟ್ಟು ಬರ್ತಿದ್ರಿ” ಎಂದಳು ಹೆಂಡತಿ. ವಿದ್ಯಾರ್ಥಿಯ ತಪಸ್ಸು ಅವಳಿಗೇನು ಗೊತ್ತು.

ಕಂಪನಿಯವರು ಶೆನ್‌ಜೆನ್‌ಗೆ ಹಾಕಿದ ಮೇಲೆ, ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ನಾಲ್ಕನೇ ಹಂತ ಪಾಸು ಮಾಡಿಯೇ ಸಿದ್ಧ ಎಂದು ಟೊಂಕ ಕಟ್ಟಿದೆ. ಹಳೆಯ ಪಟ್ಟಿಯ ಪ್ರಕಾರ 1200 ಪದ. ಅಷ್ಟನ್ನೂ ಒಂದೊಂದು ಕಾರ್ಡು ಮಾಡಿ ಆಂಕಿ ಆ್ಯಪಿಗೆ ತುಂಬಿದೆ. ಅದರ ಲೆಕ್ಕ ಸರಳ: ನೆನಪಿದ್ದ ಕಾರ್ಡನ್ನು ಮೊದಲು ಕೆಲವು ದಿನ, ಆಮೇಲೆ ವಾರ, ಆಮೇಲೆ ತಿಂಗಳು ಎಂದು ಮುಂದೆ ಹಾಕುತ್ತದೆ, ಮರೆತದ್ದನ್ನು ಆಗಿಂದಾಗಲೇ ತಂದು ಎದುರಿಗಿಡುತ್ತದೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರುಹೊಡೆದು, ಕಲಿತದ್ದು ಎಷ್ಟು ಬೇಗ ಮರೆಯುತ್ತದೆಂದು 1885ರಲ್ಲೇ ಬರೆದಿಟ್ಟ. ಪಾಪ, ನಾನು ಸಿಕ್ಕಿದ್ದರೆ ಅವನ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಇದರಲ್ಲೊಂದು ಸುಖವೂ ಇದೆ. ಮೇಷ್ಟ್ರಿಲ್ಲ. ‘ಮತ್ತೆ’, ‘ಕಷ್ಟ’, ‘ಸರಿ’, ‘ಸುಲಭ’ ಎಂದು ನಾಲ್ಕು ಗುಂಡಿ. ಉತ್ತರ ಹೇಳುವವನೂ ನಾನೇ, ಮಾರ್ಕು ಹಾಕುವವನೂ ನಾನೇ. ರಾತ್ರಿ ಹನ್ನೊಂದರ ಮೇಲೆ ನನ್ನಷ್ಟು ಉದಾರಿ ಪರೀಕ್ಷಕ ಯಾವ ವಿಶ್ವವಿದ್ಯಾಲಯದಲ್ಲೂ ಸಿಗಲಾರ. ಆದರೆ ಪದೇ ಪದೇ ತಪ್ಪುತ್ತಿದ್ದರೆ, ಎಂಟನೇ ಸಲಕ್ಕೆ ಆಂಕಿ ಆ ಕಾರ್ಡಿಗೆ ‘ಜಿಗಣೆ’ ಎಂದು ಚೀಟಿ ಅಂಟಿಸಿ ಪಕ್ಕಕ್ಕೆ ಎತ್ತಿಡುತ್ತದೆ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಬೆಳೆದವನು ನಾನು. ಆ ಜಿಗಣೆಗೆ ಸುಣ್ಣ ಇತ್ತು, ಹೊಗೆಸೊಪ್ಪಿತ್ತು.

ಮೊನ್ನೆ ಸಂತೆಯಲ್ಲಿ ಕೊತ್ತಂಬರಿ ಬೇಕಿತ್ತು. ಇಂಗ್ಲಿಷಿನಲ್ಲಿ ಟೈಪಿಸಿದರೆ ಪ್ಲೆಕೋ ಥಟ್ಟನೆ ಹೇಳುತ್ತಿತ್ತು. ಆದರೆ ಇಷ್ಟು ಓದಿದವನಿಗೆ ಒಂದು ಮಾನ ಎಂಬುದಿಲ್ಲವೇ? ಬೆರಳಿನಲ್ಲೇ ಅಕ್ಷರ ಗೀಚಿದೆ. ಎಲ್ಲೋ ಒಂದು ಗೆರೆ ಜಾರಿತು. ಒಂದೇ ಬಳಗದವರಂತೆ ಕಾಣುವ ಅಕ್ಷರಗಳು ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಇವುಗಳಲ್ಲಿ ನಮ್ಮದು ಯಾವುದು ಎಂದು ಕನ್ನಡಕ ಏರಿಸಿ ನೋಡುವಷ್ಟರಲ್ಲಿ ಹೆಂಡತಿ ಕಟ್ಟನ್ನು ಕೈಲಿ ಹಿಡಿದು ಅದೇನೋ ಅಂದಳು, ತರಕಾರಿಯವಳು ನಕ್ಕು ಎರಡು ಎಳೆ ಈರುಳ್ಳಿಸೊಪ್ಪು ಪುಕ್ಕಟೆ ತುರುಕಿದಳು, ಇವಳು ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೂ ಆಗಿತ್ತು. ನಾನು ಇನ್ನೂ ನಿಘಂಟಿನಲ್ಲಿದ್ದೆ.

ನಾಲ್ಕು ದಿನ ಕಾರ್ಡು ಮುಟ್ಟದಿದ್ದರೆ ಬಾಕಿ ಗುಡ್ಡವಾಗುತ್ತದೆ. ಹಾಗೆ ಗುಡ್ಡವಾಗಿದ್ದ ದಿನವೇ ಊರಿಂದ ಅಮ್ಮನ ಫೋನು.

“ಎಲ್ಲಿ ಅವನು?”

“ಒಳಗೆ ಕಾರ್ಡು ಹಿಡ್ಕೊಂಡು ಕೂತಿದಾರೆ ಅತ್ತೆ. ಬಾಕಿ ಸಿಕ್ಕಾಪಟ್ಟೆ ಏರಿದೆಯಂತೆ.”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಇವನ ದೊಡ್ಡಪ್ಪನಿಗೂ ಇದೇ ಚಟ ಇತ್ತು ಮಾರಾಯ್ತಿ. ಒಂದೆಕರೆ ತೋಟ ಇಸ್ಪೀಟಿಗೇ ಹೋಯ್ತು. ಎಷ್ಟಿದೆ ಬಾಕಿ?”

ಹೆಂಡತಿ ನನ್ನ ಭುಜದ ಮೇಲಿಂದ ಇಣುಕಿದಳು. ತಿದ್ದಿ ಹೇಳುತ್ತಾಳೆಂದು ನಾನು ಕಾದೆ.

“ನಾನ್ನೂರ ಚಿಲ್ಲರೆ, ಅತ್ತೆ.”

“ಅಷ್ಟೇಯಾ? ಅಡಿಕೆ ಮಾರಿದ ಕೂಡ್ಲೇ ಕಳಿಸ್ತೀನಿ. ಇನ್ನು ಕಾರ್ಡು ಮುಟ್ಟಲ್ಲ ಅಂತ ದೇವರ ಮುಂದೆ ಆಣೆ ಮಾಡಿಸು.”

ಇವಳು ಆಗಲೇ ದೀಪಕ್ಕೆ ಎಣ್ಣೆ ಹಾಕಲು ಹೊರಟಿದ್ದಳು.