ಓಟ ನಿಲ್ಲಿಸಿದ ಮೇಲಿನ ವೇಗ

ನಮ್ಮ ಕಡೆ ಕಂಬಳದ ಓಟಗಾರನ ವೇಗ ಹೆಚ್ಚುವುದು ಅವನು ಓಟ ನಿಲ್ಲಿಸಿದ ಮೇಲೆ. ಕೆಸರಿನಲ್ಲಿ ಇರುವಷ್ಟು ದಿನ ಪಕ್ಕದ ಕರೆಯಲ್ಲಿ, ಅಂದರೆ ಓಟದ ಪಟ್ಟಿಯಲ್ಲಿ, ಇನ್ನೊಂದು ಜೋಡಿ ಕೋಣ ಇರುತ್ತದೆ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ತೀರ್ಪು ಹೇಳುವವರು ಇರುತ್ತಾರೆ, ಸೋತರೆ ಸೋತೆ ಎನ್ನಲು ಊರಿಡೀ ನಿಂತಿರುತ್ತದೆ. ನಿವೃತ್ತಿಯಾದ ಮೇಲೆ ಈ ಯಾವ ತಾಪತ್ರಯವೂ ಇಲ್ಲ. ನನ್ನ ದೊಡ್ಡಮಾವ ನಲವತ್ತರ ಹತ್ತಿರ ಹಗ್ಗ ಬಿಟ್ಟವರು, ತೊಂಬತ್ತು ದಾಟಿ ತೀರಿಕೊಂಡರು. ಅವರ ವೇಗಕ್ಕೆ ಬೆಳೆಯಲು ಅರ್ಧ ಶತಮಾನ ಪುರುಸೊತ್ತು ಸಿಕ್ಕಿತು.

ಮಾವ ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ವೇಣೂರು ಬದಿಯಲ್ಲಿ. ಹೆಣ್ಣು ತಂದದ್ದು ಬಂಟ್ವಾಳದ ಸಿದ್ಧಕಟ್ಟೆ ಕಡೆಯಿಂದ. ಮನೆ ಕಟ್ಟಿ ಕೂತದ್ದು ಮೂಡುಬಿದಿರೆಯಲ್ಲಿ. ಹಾಗಾಗಿ ಉತ್ತರಕ್ರಿಯೆಯ ದಿನ ಅವರ ನೆನಪು ಹೇಳಲು ಮೂರು ಕಡೆಯವರೂ ಬಂದಿದ್ದರು. ವೇಣೂರಿನವರು ಸೂರ್ಯ-ಚಂದ್ರ ಕರೆಯಲ್ಲಿ ಅವರು ಓಡಿದ್ದನ್ನು ವರ್ಣಿಸಿದರು. ಬಂಟ್ವಾಳದವರು ಬಿಡಲಿಲ್ಲ, ಹೊಕ್ಕಾಡಿಗೋಳಿಯ ವೀರ-ವಿಕ್ರಮ ಕರೆಗೆ ಅವರನ್ನು ಇಳಿಸಿದರು. ಮೂಡುಬಿದಿರೆಯವರೊಬ್ಬರು ಕಡಲಕೆರೆಯ ಕೋಟಿ-ಚೆನ್ನಯ ಕರೆಯಲ್ಲಿ ಮಾವ ಫೈನಲ್ ಗೆದ್ದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಆ ಕರೆ ಶುರುವಾಗುವ ಹೊತ್ತಿಗೆ ಮಾವನಿಗೆ ಮೊಮ್ಮಕ್ಕಳೂ ಆಗಿದ್ದರು, ಮೊಣಕಾಲು ನೋವೂ ಬಂದಿತ್ತು. ಆದರೆ ಊಟಕ್ಕೆ ಕೂತವರನ್ನು ತಿದ್ದುವುದು ನಮ್ಮಲ್ಲಿ ಕ್ರಮ ಅಲ್ಲ.

ನಿಜಕ್ಕೆ ಮಾವ ಓಡಿದ್ದು ಹೆಚ್ಚಾಗಿ ಗುತ್ತಿನ ಮನೆಗಳ, ಅಂದರೆ ಊರ ಜಮೀನುದಾರರ, ಕಂಬಳಗದ್ದೆಯಲ್ಲಿ. ಅಲ್ಲಿ ಜೋಡುಕರೆಯೂ ಇಲ್ಲ, ಸೆಕೆಂಡು ಎಣಿಸುವವರೂ ಇಲ್ಲ. ಗೆದ್ದರೆ ಬಾಳೆಗೊನೆ, ಎಳನೀರು, ಯಜಮಾನರ ಬೆನ್ನು ತಟ್ಟುವಿಕೆ. ಬೆನ್ನಿಗೆ ಅಂಟಿದ ಕೆಸರು ಯಜಮಾನರ ಕೈಗೆ ಹತ್ತುತ್ತಿದ್ದುದರಿಂದ ಅದೂ ಮೆಲ್ಲಗೆ.

ಮನೆಯಲ್ಲಿ ಮಾವನಷ್ಟು ನಿಧಾನದ ಮನುಷ್ಯರನ್ನು ನಾನು ನೋಡಿಲ್ಲ. ಅತ್ತೆ ತೆಂಗಿನಕಾಯಿ ಸುಲಿದು ಕೊಡಿ ಎಂದರೆ ಚಾವಡಿಯಿಂದ ಎದ್ದು ಕತ್ತಿಯನ್ನು ಹುಡುಕಿ, ಅದರ ಹರಿತ ನೋಡಿ, ದಾರಿಯಲ್ಲಿ ಸಿಕ್ಕ ಕೋಣದ ಕಿವಿ ತುರಿಸಿ, ಕಾಯಿ ತರುವಷ್ಟರಲ್ಲಿ ಅತ್ತೆ ಕಾಯಿ ಬೇಡದ ಸಾರು ಮಾಡಿ ಇಳಿಸಿರುತ್ತಿದ್ದರು. ಆ ಸಾರು ಯಾವಾಗಲೂ ಹುರುಳಿಯದ್ದೇ. ಕೋಣಗಳಿಗೆ ಬೇಯಿಸಿದ ಹುರುಳಿಯ ಕಟ್ಟು ಮನೆಯವರಿಗೆ, ಕಾಳು ಕೋಣಗಳಿಗೆ. ನಾಲ್ಕು ಹೆಣ್ಣುಮಕ್ಕಳು ಈ ಕಟ್ಟಿನಲ್ಲೇ ಬೆಳೆದರು. ಕೋಣದ ಮೈಗೆ ಎಣ್ಣೆ ತಿಕ್ಕಲು ದಿನವೂ ಒಂದು ಗಂಟೆ ಆಗುತ್ತಿತ್ತು, ಮಕ್ಕಳ ತಲೆಗೆ ದೀಪಾವಳಿಗೊಮ್ಮೆ. ಆ ಕೋಣಗಳೂ ಮಾವನವಲ್ಲ, ಗುತ್ತಿನವು. ಆದರೂ ಮುದಿ ವಯಸ್ಸಿನಲ್ಲಿ ಮೊಮ್ಮಗಳನ್ನು ಕರೆಯಬೇಕಾದರೆ ಮೊದಲು ಬೊಲ್ಲ, ಆಮೇಲೆ ಕಾಟಿ, ಆಮೇಲೆ ಪಾಂಡು, ಕೊನೆಗೆ ಅವಳ ಹೆಸರು. ಅವಳು ಪಾಂಡು ಎನ್ನುವಾಗಲೇ ಎದ್ದು ಬರುತ್ತಿದ್ದಳು.

2020 ನಮ್ಮ ಮನೆಯಲ್ಲಿ ಲೆಕ್ಕದ ವರ್ಷ. ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ದೇಶದ ಮೂಲೆಮೂಲೆಯ ಹುಡುಗ ಹುಡುಗಿಯರು ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವುದನ್ನು ನೋಡಲು ಮಾವನನ್ನು ಕರೆದುಕೊಂಡು ಹೋದೆ. ಅವರು ಗಂಭೀರವಾಗಿ ನೋಡಿ, "ಕೆಸರೇ ಇಲ್ಲ, ಪಾಪ. ಬಿದ್ದರೆ ಎಂತ ಮಾಡುವುದು ಇವರು?" ಎಂದರು. ರಿಲೇ ಓಟ ಮಾತ್ರ ಅವರಿಗೆ ಸರಿಬರಲಿಲ್ಲ. ಕೈಯಲ್ಲಿ ಕೋಲು ಉಂಟು, ಎದುರು ಯಾವ ಪ್ರಾಣಿಯೂ ಇಲ್ಲ.

ಫೆಬ್ರವರಿ 1ಕ್ಕೆ ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿಬಿಟ್ಟರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಬರೆದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನಿನಲ್ಲಿ ಓಡಿದ್ದು 9.58. ಅಲ್ಲಿಂದ ಶುರುವಾಯಿತು ನೋಡಿ. ಕೇಂದ್ರದ ಕ್ರೀಡಾ ಮಂತ್ರಿಗಳು ಟ್ರಯಲ್ಸಿಗೆ ಬನ್ನಿ ಎಂದರು, ಮುಖ್ಯಮಂತ್ರಿಗಳು ಬೆಂಗಳೂರಿಗೆ ಕರೆಸಿ ಸನ್ಮಾನ ಮಾಡಿದರು. ಗೌಡರು ಮಾತ್ರ ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವ ಎಂದು ಹೇಳಿ, ಟ್ರಯಲ್ಸಿಗೆ ಹೋಗದೆ ಮುಂದಿನ ಕಂಬಳಕ್ಕೆ ಹೋದರು. ನನಗೆ ಆ ಗಲಾಟೆಯಲ್ಲಿ ಸರಿಯಾಗಿ ಮಾತಾಡಿದವರು ಅವರೊಬ್ಬರೇ ಎನಿಸಿತು.

ನಮ್ಮ ಚಾವಡಿಯಲ್ಲಿ ಆ ತೂಕ ಯಾರಿಗೂ ಇರಲಿಲ್ಲ. ಎರಡನೇ ಅಳಿಯ ಕ್ಯಾಲ್ಕುಲೇಟರ್ ಹಿಡಿದು ಮಾವನ ಎದುರು ಕೂತ. ಗದ್ದೆ ಎಷ್ಟು ಉದ್ದ ಇತ್ತು? ಗುತ್ತಿನ ಪಡಸಾಲೆಯಿಂದ ನಾಗಬನದವರೆಗೆ. ಎಷ್ಟು ಹೊತ್ತು ಹಿಡಿಯಿತು? "ಒಂದು ಸಲ ಬಾಯಿಯ ವೀಳ್ಯ ಉಗುಳಿ ತಲೆ ಎತ್ತುವಷ್ಟರಲ್ಲಿ ಮುಗಿಯಿತು ಅಂತ ಯಜಮಾನರು ಹೇಳ್ತಿದ್ದರು." ಯಜಮಾನರು ವೀಳ್ಯ ಉಗುಳಲು ಎಷ್ಟು ಸೆಕೆಂಡು ಎಂಬಲ್ಲಿ ಭಿನ್ನಾಭಿಪ್ರಾಯ ಬಂದು, ಕೊನೆಗೆ 8.9ಕ್ಕೆ ಎಲ್ಲರೂ ಒಪ್ಪಿದರು. ಮಾವನನ್ನು ಕೇಳಿದ್ದಕ್ಕೆ, "ಓಡಿದ್ದು ಕೋಣ ಅಲ್ವಾ ಮಾರಾಯ? ನಾನು ಹಗ್ಗ ಬಿಡಲಿಲ್ಲ, ಅಷ್ಟೇ. ಬಿಟ್ಟರೆ ಮಧ್ಯದಲ್ಲಿ ನಿಲ್ಲಬೇಕು, ನಿಂತರೆ ಜನ ನೋಡ್ತಾರೆ" ಎಂದರು. ಓಟದ ಗುಟ್ಟು ನಾಚಿಕೆ ಎಂದು ಯಾವ ಕೋಚೂ ನನಗೆ ಹೇಳಿರಲಿಲ್ಲ.

2014ರ ಮೇ ತಿಂಗಳ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೂ ತಡೆ ಬಿದ್ದಾಗ ಮಾವ ಮಾತು ಕಡಿಮೆ ಮಾಡಿದ್ದರು. ಕೋಣಗಳಿಗೆ ಹೊಡೆಯುವುದು ನಿಜವಾ ಮಾವ ಎಂದರೆ ಮುಚ್ಚಿಡುತ್ತಿರಲಿಲ್ಲ. "ಹೊಡೆಯದೆ ಓಡುವ ಕೋಣ ಉಂಟು. ಹೊಡೆದರೂ ಓಡದ್ದು ಉಂಟು. ಮಧ್ಯದವುಗಳಿಗಾಗಿ ಕೋರ್ಟು." ವಿಧಾನಸಭೆ 2017ರಲ್ಲಿ ಕಾನೂನು ತಿದ್ದಿತು. 2023ರ ಮೇ 18ಕ್ಕೆ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದ ಸುದ್ದಿ ಟಿವಿಯಲ್ಲಿ ಬಂದಾಗ ಮಾವ ಎದ್ದು ಅಂಗಳಕ್ಕೆ ನಡೆದರು. ಕೋಲಿಲ್ಲದೆ. ಅತ್ತೆ ಗಾಬರಿಯಾಗಿ ಹಿಂದೆಯೇ ಓಡಿದರು. ಆ ದಿನ ಮನೆಯಲ್ಲಿ ನಿಜವಾಗಿ ಓಡಿದ್ದು ಅತ್ತೆ.

ಉತ್ತರಕ್ರಿಯೆಯ ಊಟ ಮುಗಿದ ಮೇಲೆ, ಪತ್ರಿಕೆಗೆ ಕೊಡಲು ಮಾವನ ಪದಕಗಳ ಫೋಟೋ ಬೇಕು ಎಂದು ಕ್ಯಾಲ್ಕುಲೇಟರ್ ಅಳಿಯ ಕಪಾಟು ತಡಕಾಡಿದ. ಒಂದೂ ಇಲ್ಲ. ಮಾವನ ಓಟದ ಕೊನೆಯ ಕೆಲವು ವರ್ಷಗಳಲ್ಲಿ ಬಹುಮಾನಕ್ಕೆ ಚಿನ್ನ ಬಂದಿತ್ತು. ಪವನು ಯಜಮಾನರಿಗೆ, ಓಡಿಸಿದವನಿಗೆ ಅದರ ಚೂರು. ಅತ್ತೆ ಮೂಲೆಯಿಂದಲೇ, "ಅದೆಲ್ಲ ಇವರ ಕಿವಿಯಲ್ಲಿ ಉಂಟು" ಎಂದು ಹೆಣ್ಣುಮಕ್ಕಳ ಕಡೆ ಗಲ್ಲ ತೋರಿಸಿದರು. ಮದುವೆಗೆ ಕರಗಿಸಿ ಬೆಂಡೋಲೆ ಮಾಡಿಸಿದ್ದರಂತೆ. ಹಿರಿಯಳದ್ದು ಯಾವ ಗದ್ದೆಯದ್ದು, ಎರಡನೆಯವಳದ್ದು ಯಾವ ಕೋಣದ್ದು ಎಂದು ಅತ್ತೆ ಒಂದೊಂದಾಗಿ ಹೇಳತೊಡಗಿದರು. ಮೂವರ ಸರದಿ ಮುಗಿದು ಕಿರಿಯಳ ಹತ್ತಿರ ಬಂದಾಗ ಸುಮ್ಮನಾದರು.

"ನನ್ನದು ಎಲ್ಲಿಯದಮ್ಮ?"

"ನಿಂದು ಸೊಸೈಟಿ ಸಾಲದ್ದು. ಆ ವರ್ಷ ಪಾಂಡುವಿಗೆ ಕಾಲು ಉಳುಕಿತ್ತು."

ಕಿರಿಯಳು ಐವತ್ತೈದರ ಹೆಂಗಸು, ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿ. ಎರಡು ದಿನ ಅತ್ತೆಯ ಹತ್ತಿರ ಮಾತಾಡಲಿಲ್ಲ.